ಕ್ಲಚ್ ತುಳಿಯುವ ಕಾಲಿಗೆ ಪರಿಹಾರ ಇಲ್ವಾ?

ಓದುಗರ ಪ್ರಶ್ನೆ: ನಾವು ಚಳ್ಳಕೆರೆ ಕಡೆಯವರು. ನನ್ನ ಗಂಡನಿಗೆ 40 ವರ್ಷ. ಆರು ವರ್ಷದಿಂದ ಒಬ್ಬರ ಹತ್ತಿರವೇ ಲಾರಿ ಓಡಿಸುತ್ತಿದ್ದಾರೆ. ಓನರ್‌ಗೆ ನಾಲ್ಕು ಲಾರಿ, ನಾಲ್ಕು ಜನ ಡ್ರೈವರ್, ಮೂರು ಜನ ಕ್ಲೀನರ್ ಇದ್ದಾರೆ. ಈರುಳ್ಳಿ ತುಂಬಿಕೊಂಡು ಯಶವಂತಪುರಕ್ಕೆ ಹೋಗುತ್ತಾರೆ, ಬರುವಾಗ ಸಿಕ್ಕಿದ ಲೋಡ್ ತರುತ್ತಾರೆ. ಟ್ರಿಪ್ ಲೆಕ್ಕದ ದುಡ್ಡು, ಜೊತೆಗೆ ಬಾಟಾ (ದಾರಿ ಖರ್ಚಿನ ಭತ್ಯೆ). ತಿಂಗಳಿಗೆ ಹದಿನೈದು, ಹದಿನಾರು ಸಾವಿರ ಆಗುತ್ತದೆ. ಸಂಬಳದ ಚೀಟಿ ಇಲ್ಲ. ಸೇರುವಾಗ 25,000 ಅಡ್ವಾನ್ಸ್ ಕೊಟ್ಟು ಒರಿಜಿನಲ್ ಲೈಸೆನ್ಸ್ ಇಟ್ಟುಕೊಂಡಿದ್ದಾರೆ. ಹೋದ ಮಳೆಗಾಲದಲ್ಲಿ ಈರುಳ್ಳಿ ನೆನೆಯಿತು ಅಂತ 9,000 ಹಿಡಿದುಕೊಂಡರು. ಎಂಟು ತಿಂಗಳ ಹಿಂದೆ ರಾತ್ರಿ ಎರಡು ಗಂಟೆಗೆ ದಾಬಸ್‌ಪೇಟೆ ಹತ್ತಿರ ಲಾರಿ ನಿಲ್ಲಿಸಿ ತಾರ್ಪಾಲು ಕಟ್ಟುವಾಗ ಮೇಲಿಂದ ಬಿದ್ದು ಎಡಗಾಲಿನ ಹಿಮ್ಮಡಿ ಮುರಿಯಿತು. ಮೂರು ತಿಂಗಳು ಮನೆಯಲ್ಲೇ ಇದ್ದರು. ಆಸ್ಪತ್ರೆ ಖರ್ಚಿಗೆ ಅಂತ 5,000 ಕೊಟ್ಟ ಓನರ್, "ಗಾಡಿ ಆಕ್ಸಿಡೆಂಟ್ ಆಗಿಲ್ಲ, ಇನ್ಶೂರೆನ್ಸ್ ಬರಲ್ಲ" ಅಂದುಬಿಟ್ಟರು. ಈಗ ಮತ್ತೆ ಓಡಿಸುತ್ತಿದ್ದಾರೆ, ಆದರೆ ಕ್ಲಚ್ ತುಳಿದು ತುಳಿದು ರಾತ್ರಿ ಕಾಲು ಊದಿಕೊಳ್ಳುತ್ತದೆ. ಕಂಪ್ಲೇಂಟ್ ಕೊಟ್ಟರೆ ಲಾರಿ ಸ್ಟ್ಯಾಂಡಲ್ಲಿ ಯಾರೂ ಕೆಲಸ ಕೊಡಲ್ಲ ಅಂತ ಹೆದರುತ್ತಾರೆ. ಕೆಲಸ ಬಿಟ್ಟು ಆ್ಯಪ್‌ಗೆ ಗಾಡಿ ಓಡಿಸೋದಾ? ಸಾಲ ಮಾಡಿ ಸ್ವಂತ ಗಾಡಿ ತಗೊಳ್ಳೋದಾ? ನಮ್ಮಂಥವರಿಗೆ ಕಾನೂನಲ್ಲಿ ಏನಾದರೂ ಇದೆಯಾ?

ಉತ್ತರ:

ನೀವು ಕೇಳಿರುವುದು ಒಂದು ಪ್ರಶ್ನೆಯಲ್ಲ, ಐದಾರು ಪ್ರಶ್ನೆ. ಕಾಲಿನ ವಿಷಯ, ಹಿಡಿದ ದುಡ್ಡು, ಲೈಸೆನ್ಸ್, ಮುಂದಿನ ಕೆಲಸ, ಇವೆಲ್ಲದರ ಕೆಳಗೆ ಆ ಹೆದರಿಕೆ. ಕಾರ್ಮಿಕರ ಕೇಸು ನಡೆಸುವ ವಕೀಲನಾಗಿ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಗಂಡನಿಗೆ ಕಾನೂನು ಇಲ್ಲ ಅನ್ನುವುದು ಸುಳ್ಳು. ಅವರಿಗೆ ಇಲ್ಲದಿರುವುದು ಕಾಗದ. ಕಾಗದ ಮಾಡಿಕೊಳ್ಳಬಹುದು, ಈಗಲೂ ತಡವಾಗಿಲ್ಲ.

ಕಾಲಿನಿಂದಲೇ ಶುರು ಮಾಡೋಣ, ಯಾಕೆಂದರೆ ಅಲ್ಲಿ ಗಡುವು ಓಡುತ್ತಿದೆ.

"ಗಾಡಿ ಡಿಕ್ಕಿಯಾಗಿಲ್ಲ, ಆದ್ದರಿಂದ ಏನೂ ಬರಲ್ಲ" ಅನ್ನುವ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಓನರ್ ಬೇಕಂತಲೇ ಸುಳ್ಳು ಹೇಳಿದರು ಅಂತಲ್ಲ, ಅವರೂ ಹಾಗೇ ನಂಬಿರುತ್ತಾರೆ. ಆದರೆ ಇಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಒಂದು, ಮೋಟಾರು ಅಪಘಾತ ನ್ಯಾಯಮಂಡಳಿ. ಬೇರೆ ವಾಹನದ ತಪ್ಪಿನಿಂದ ಪೆಟ್ಟಾದಾಗ ಜನ ಹೋಗುವುದು ಅಲ್ಲಿಗೆ. ಅದಕ್ಕೆ ಈಗ ಆರು ತಿಂಗಳ ಗಡುವಿದೆ. ನಿಮ್ಮ ಗಂಡನ ವಿಷಯದಲ್ಲಿ ಬೇರೆ ವಾಹನವೇ ಇಲ್ಲ, ಹಾಗಾಗಿ ಆ ದಾರಿ ಬಿಡಿ.

ಎರಡನೆಯದು ಕೆಲಸದಲ್ಲಿದ್ದಾಗ ಆದ ಪೆಟ್ಟಿಗೆ ಮಾಲೀಕ ಕೊಡಬೇಕಾದ ಪರಿಹಾರ. ಇದು 1923ರ ನೌಕರರ ಪರಿಹಾರ ಕಾಯ್ದೆಯಲ್ಲಿತ್ತು, 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ತಿರುಳು ಬದಲಾಗಿಲ್ಲ. ಮೋಟಾರು ವಾಹನಕ್ಕೆ ಸಂಬಂಧಿಸಿದಂತೆ ಡ್ರೈವರ್, ಹೆಲ್ಪರ್, ಮೆಕ್ಯಾನಿಕ್, ಕ್ಲೀನರ್ ಆಗಿ ಸೇರಿದವರೆಲ್ಲ ಇದರಲ್ಲಿ ಬರುತ್ತಾರೆ. ಓನರ್ ಹತ್ತಿರ ಎಷ್ಟು ಜನ ಕೆಲಸಕ್ಕಿದ್ದಾರೆ ಅನ್ನುವ ಲೆಕ್ಕ ಇಲ್ಲಿ ಬೇಡ. ಒಂದೇ ಲಾರಿ ಇದ್ದರೂ ಆಯಿತು. ಯಾರ ತಪ್ಪು ಅನ್ನುವ ಪ್ರಶ್ನೆಯೂ ಸಾಮಾನ್ಯವಾಗಿ ಬರುವುದಿಲ್ಲ. ಕೆಲಸ ಮಾಡುವಾಗ, ಕೆಲಸದ ಕಾರಣಕ್ಕೆ ಪೆಟ್ಟಾಯಿತಾ? ಅಷ್ಟೇ. ರಾತ್ರಿ ಎರಡು ಗಂಟೆಗೆ ಲೋಡ್ ಮೇಲೆ ಹತ್ತಿ ತಾರ್ಪಾಲು ಕಟ್ಟುವುದು ಕೆಲಸವಲ್ಲದೆ ಇನ್ನೇನು? ಕುಡಿದಿದ್ದರೆ ಮಾತು ಬೇರೆ. ಅರ್ಜಿ ಹಾಕಲು ಎರಡು ವರ್ಷ ಸಮಯ ಇದೆ. ಎಂಟು ತಿಂಗಳು ಹೋಗಿದೆ, ಇನ್ನೂ ಉಳಿದಿದೆ.

ಈಗ ದುಡ್ಡಿನ ಲೆಕ್ಕ. ಇದು ಬಾಯಿಗೆ ಬಂದ ಅಂಕಿಯಲ್ಲ, ಕಾಯ್ದೆಯಲ್ಲೇ ಕೋಷ್ಟಕ ಇದೆ. 2020ರಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿ 15,000. ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ಅದರ ಶೇ 60, ಅಂದರೆ 9,000. ಇದನ್ನು ವಯಸ್ಸಿನ ಅಂಶದಿಂದ ಗುಣಿಸುತ್ತಾರೆ. 40 ವರ್ಷಕ್ಕೆ ಆ ಅಂಶ 184.17. ಗುಣಿಸಿದರೆ 16,57,530 ರೂಪಾಯಿ. ನಿಮ್ಮವರದು ಪೂರ್ತಿ ವೈಕಲ್ಯವಲ್ಲ, ಹಾಗಾಗಿ ದುಡಿಯುವ ಶಕ್ತಿ ಶೇಕಡ ಎಷ್ಟು ಕಡಿಮೆಯಾಯಿತೋ ಅಷ್ಟು ಪಾಲು. ಉದಾಹರಣೆಗೆ ಶೇ 15 ಅಂತ ತೀರ್ಮಾನವಾದರೆ ಸುಮಾರು 2.49 ಲಕ್ಷ. ಇದಲ್ಲದೆ ಚಿಕಿತ್ಸೆಗೆ ನಿಜವಾಗಿ ಆದ ಖರ್ಚು ಬೇರೆ. ಮನೆಯಲ್ಲಿ ಕೂತ ಆ ಮೂರು ತಿಂಗಳಿಗೆ ಸಂಬಳದ ಅರ್ಧದಷ್ಟು ಕೇಳುವ ಹಕ್ಕೂ ಇದೆ. ಓನರ್ ಆಸ್ಪತ್ರೆಗೆ ಅಂತ ಕೊಟ್ಟ 5,000ವನ್ನು "ಪರಿಹಾರ ಕೊಟ್ಟಾಗಿದೆ" ಅಂತ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಎದುರಿನವರು ಬಾಟಾ ಸಂಬಳವಲ್ಲ ಅಂತ ತಕರಾರು ತೆಗೆಯುತ್ತಾರೆ. ಅದನ್ನು ಈಗಲೇ ತಿಳಿದುಕೊಂಡಿರಿ. ಟ್ರಿಪ್ ದುಡ್ಡು ಎಷ್ಟು, ಬಾಟಾ ಎಷ್ಟು ಅಂತ ಬೇರೆ ಬೇರೆ ಬರೆದಿಡಿ.

ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತಿದ್ದು ಒಂದು ಪದದ ಮೇಲೆ: ಎಡಗಾಲು.

ಡಾಕ್ಟರ್ ಹತ್ತಿರ ಹೋದರೆ ಅವರು ನಡೆಸಿ ನೋಡುತ್ತಾರೆ. ಕುಂಟದೆ ನಡೆದರೆ "ಪರವಾಗಿಲ್ಲ, ಶೇ 8" ಅಂತ ಬರೆದುಬಿಡುತ್ತಾರೆ. ಆದರೆ ಕಾನೂನು ಕೇಳುವುದು ಕಾಲು ಎಷ್ಟು ಹಾಳಾಯಿತು ಅಂತಲ್ಲ, ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ. ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವವನಿಗೆ ಎಡ ಹಿಮ್ಮಡಿ ಅಂಥ ದೊಡ್ಡ ವಿಷಯವಲ್ಲ. ಲಾರಿ ಡ್ರೈವರ್‌ಗೆ ಅದು ಕ್ಲಚ್ ಕಾಲು. ತುಮಕೂರಿಂದ ಯಶವಂತಪುರದ ತನಕ ಆ ಟ್ರಾಫಿಕ್‌ನಲ್ಲಿ ಎಷ್ಟು ಸಲ ಕ್ಲಚ್ ತುಳಿಯಬೇಕು ಅಂತ ನಿಮ್ಮ ಗಂಡನನ್ನೇ ಕೇಳಿ. ಇದು ನನ್ನ ಸ್ವಂತ ವಾದ ಅಲ್ಲ. ಸುಪ್ರೀಂ ಕೋರ್ಟ್ 1975ರಲ್ಲೇ, ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ, ಎಡಗೈಯನ್ನು ಮೊಣಕೈ ಮೇಲೆ ಕಳೆದುಕೊಂಡ ಬಡಗಿಗೆ ಪೂರ್ತಿ ನೂರಕ್ಕೆ ನೂರು ನಷ್ಟ ಅಂತ ಹೇಳಿತು. ಒಂದು ಕೈ ಉಳಿದಿತ್ತು ನಿಜ, ಆದರೆ ಒಂದು ಕೈಯಲ್ಲಿ ಬಡಗಿ ಕೆಲಸ ಆಗಲ್ಲ ಅಲ್ವಾ? ಪರಿಹಾರ ಬಾಕಿಯಾಗುವುದು ಅಪಘಾತದ ದಿನದಿಂದಲೇ, ಕೋರ್ಟ್ ಆರ್ಡರ್ ದಿನದಿಂದಲ್ಲ ಅಂತಲೂ ಆಗಲೇ ಹೇಳಿತ್ತು. ಹಾಗಾಗಿ ಮೂಳೆ ಡಾಕ್ಟರ್ ಹತ್ತಿರ ಹೋದಾಗ "ನಡೆಯುವಾಗ ನೋವು" ಅಂತ ಮಾತ್ರ ಹೇಳಿ ಬರಬೇಡಿ. "ನಾನು ಹೆವಿ ಗಾಡಿ ಡ್ರೈವರ್, ಇದು ಕ್ಲಚ್ ತುಳಿಯುವ ಕಾಲು, ನೂರು ಕಿಲೋಮೀಟರ್ ಆದಮೇಲೆ ಊದುತ್ತದೆ" ಅಂತ ಹೇಳಿ. ಅದು ರೆಕಾರ್ಡಿನಲ್ಲಿ ಬರಲಿ. ಇಲ್ಲದ್ದನ್ನು ಸೇರಿಸಬೇಡಿ, ಇರುವುದನ್ನು ನುಂಗಬೇಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಕೇಸು ನಿಲ್ಲುವುದೂ ಬೀಳುವುದೂ ಅದರ ಮೇಲೆ. ಮೊದಲ ದಿನ ಆಸ್ಪತ್ರೆಗೆ ಸೇರಿಸಿದಾಗ ಕೇಸ್ ಶೀಟಿನಲ್ಲಿ ಪೆಟ್ಟು ಹೇಗಾಯಿತು ಅಂತ ಒಂದು ಸಾಲು ಬರೆದಿರುತ್ತಾರೆ. "ಲಾರಿ ಮೇಲಿಂದ ಬಿದ್ದು" ಅಂತ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಎಷ್ಟೋ ಸಲ ಪೊಲೀಸ್ ತಾಪತ್ರಯ ಬೇಡ ಅಂತ ಜೊತೆಗೆ ಬಂದವರು "ಮನೆ ಮೆಟ್ಟಿಲಲ್ಲಿ ಜಾರಿ ಬಿದ್ದ" ಅಂತ ಹೇಳಿಸಿರುತ್ತಾರೆ. ನನ್ನ ಹತ್ತಿರ ಬಂದ ಒಂದು ಕೇಸಲ್ಲಿ ಬೆನ್ನುಮೂಳೆ ಮುರಿದ ಕ್ಲೀನರ್ ಹುಡುಗನ ಕೇಸ್ ಶೀಟಿನಲ್ಲಿ "ಬಚ್ಚಲುಮನೆಯಲ್ಲಿ ಜಾರಿ" ಅಂತ ಇತ್ತು. ಹುಡುಗ ಬಿದ್ದಿದ್ದು ಸಿಮೆಂಟ್ ಲೋಡ್ ಮೇಲಿಂದ. ಅವನನ್ನು ಎತ್ತಿಕೊಂಡು ಹೋದ ಹಮಾಲಿಯನ್ನು ಹುಡುಕಿ ಸಾಕ್ಷಿ ಹೇಳಿಸುವ ಹೊತ್ತಿಗೆ ಒಂದೂವರೆ ವರ್ಷ ಹೋಯಿತು. ಆದ್ದರಿಂದ ಆಸ್ಪತ್ರೆಯಿಂದ ಕೇಸ್ ಶೀಟ್‌ನ ಪ್ರತಿ ತಗೊಳ್ಳಿ. ರೋಗಿಗೆ ಅದನ್ನು ಕೇಳುವ ಹಕ್ಕಿದೆ. ಅದರಲ್ಲಿ ತಪ್ಪು ಬರೆದಿದ್ದರೆ ನೀವೇ ತಿದ್ದಲು ಹೋಗಬೇಡಿ, ವಕೀಲರಿಗೆ ತೋರಿಸಿ.

ಇನ್ನು ಇನ್ಶೂರೆನ್ಸ್. ಅದು ಗಾಡಿಗೆ ಮಾತ್ರ, ಡ್ರೈವರ್‌ಗಲ್ಲ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ವಾಣಿಜ್ಯ ವಾಹನದ ಪಾಲಿಸಿಯಲ್ಲಿ ಸಾಮಾನ್ಯವಾಗಿ ಸಂಬಳದ ಡ್ರೈವರ್, ಕ್ಲೀನರ್ ವಿಷಯದಲ್ಲಿ ಮಾಲೀಕನ ಕಾನೂನು ಹೊಣೆ ಅಂತ ಒಂದು ಸಾಲು ಇರುತ್ತದೆ. ತಲೆಗೆ ಐವತ್ತು ರೂಪಾಯಿ ಆಸುಪಾಸಿನ ಪ್ರೀಮಿಯಂ. ಲಕ್ಷಗಟ್ಟಲೆ ಕೊಟ್ಟು ಲಾರಿ ಕೊಂಡವರು ಕೆಲವೊಮ್ಮೆ ಆ ಕ್ಲೀನರ್ ಹೆಸರಿನ ಐವತ್ತನ್ನು ಬಿಟ್ಟುಬಿಡುತ್ತಾರೆ, ಏನು ಹೇಳೋದು! ಆ ಸಾಲು ಇದ್ದರೆ ಕೊನೆಗೆ ದುಡ್ಡು ಕಟ್ಟುವುದು ವಿಮಾ ಕಂಪನಿ. ನಿಂತ ಲಾರಿಯಿಂದ ಬಿದ್ದರೆ ಅದು ವಾಹನದ ಬಳಕೆಯಿಂದ ಆದ ಪೆಟ್ಟಲ್ಲ ಅಂತ ಕಂಪನಿ ವಾದಿಸಬಹುದು. 1991ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಉರುಳಿಬಿದ್ದ ಪೆಟ್ರೋಲ್ ಟ್ಯಾಂಕರ್ ಒಂದರ ಪ್ರಕರಣ ಬಂದಿತ್ತು. ಡಿಕ್ಕಿಯಾಗಿ ಕೆಲವು ಗಂಟೆ ಆದಮೇಲೆ ಸ್ಫೋಟವಾಗಿ ಜನ ಸತ್ತಿದ್ದರು. ವಾಹನ ಓಡುತ್ತಿರಲೇಬೇಕು ಅಂತಿಲ್ಲ, ನಿಂತಿದ್ದರೂ ಬಳಕೆಯೇ ಅಂತ ಕೋರ್ಟ್ ಹೇಳಿತು. ಹಾಗಾಗಿ ವಾದಕ್ಕೆ ಉತ್ತರ ಇದೆ. ಕಂಪನಿ ಕಟ್ಟದಿದ್ದರೂ ಮಾಲೀಕನ ಹೊಣೆ ಹೋಗುವುದಿಲ್ಲ.

ನಿಮ್ಮ ಹೆದರಿಕೆಗೆ ಒಂದು ದಾರಿ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಓನರ್ ಮೇಲೆ ಕೇಸು ಅಂದರೆ ಜಗಳ. "ಅಣ್ಣಾ, ಪಾಲಿಸಿ ಕಾಪಿ ಕೊಡಿ, ಇನ್ಶೂರೆನ್ಸ್‌ನವರಿಂದ ಬರುವುದಿದ್ದರೆ ನಿಮಗೂ ಭಾರ ಇಲ್ಲ" ಅಂದರೆ ಅದು ಜಗಳವಲ್ಲ. ನಿಮ್ಮ ಗಂಡ ತನ್ನ ಡ್ರೈವರ್, ಅವತ್ತು ತನ್ನ ಲೋಡ್ ಮೇಲೇ ಇದ್ದ ಅಂತ ಓನರ್ ಒಪ್ಪಿಕೊಂಡರೆ ಸಾಕು, ಉಳಿದದ್ದು ಸಲೀಸು. ನಾನು ನೋಡಿದ ಕೇಸುಗಳಲ್ಲಿ ಬೇಗ ಮುಗಿದವು ಹೆಚ್ಚಾಗಿ ಇಂಥವೇ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಮಾತುಕತೆ ಅಂತ ಎರಡು ವರ್ಷ ಎಳೆದು ಗಡುವು ದಾಟಿಸುವವರಿದ್ದಾರೆ. ಹತ್ತು ಸಾವಿರ ಕೈಗಿಟ್ಟು ಬಾಂಡ್ ಪೇಪರ್ ಮೇಲೆ "ಇನ್ನೇನೂ ಕೇಳಲ್ಲ" ಅಂತ ಬರೆಸಿಕೊಳ್ಳುವವರೂ ಇದ್ದಾರೆ. ಹಕ್ಕು ಬಿಟ್ಟುಕೊಡುವ ಅಂಥ ಬರಹ ಕಾನೂನಲ್ಲಿ ನಿಲ್ಲುವುದಿಲ್ಲ, ಆದರೂ ಸಹಿ ಹಾಕಬೇಡಿ. ನಿಲ್ಲಲ್ಲ ಅಂತ ತೋರಿಸಲೂ ವರ್ಷ ಬೇಕಾಗುತ್ತದೆ. ಖಾಲಿ ಹಾಳೆಗಂತೂ ಬೇಡವೇ ಬೇಡ. ಒಂದು ತಿಂಗಳು ಕೊಡಿ. ಆಗಲಿಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟ್‌ಗೇ ಸೇರಿಹೋಗಿದೆ, ಅಂಚೆ ಕಚೇರಿಯಲ್ಲಿ ಹುಡುಕಬೇಡಿ. ಆಮೇಲೆ ಅರ್ಜಿ ಹಾಕಿ. ಕರ್ನಾಟಕದಲ್ಲಿ ಈ ಅರ್ಜಿಗಳನ್ನು ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳು ನೋಡುತ್ತಾ ಬಂದಿವೆ. ದಾಬಸ್‌ಪೇಟೆ ತನಕ ಓಡಾಡಬೇಕಿಲ್ಲ, ನೀವು ವಾಸ ಇರುವ ಕಡೆಯೇ ಹಾಕಬಹುದು. ಪರಿಹಾರ ತಡವಾದರೆ ಬಡ್ಡಿ ಸೇರುತ್ತದೆ. ಕಾರಣವಿಲ್ಲದೆ ತಡ ಮಾಡಿದ್ದರೆ ಪರಿಹಾರದ ಅರ್ಧದಷ್ಟರ ತನಕ ದಂಡವನ್ನೂ ಹಾಕಬಹುದು.

"ಆದರೆ ಓನರ್, ಇವನು ನಮ್ಮ ಡ್ರೈವರೇ ಅಲ್ಲ ಅಂದರೆ?" ಈ ಪ್ರಶ್ನೆ ನೀವು ಕೇಳಿಲ್ಲ, ಆದರೆ ಕೋರ್ಟಿನಲ್ಲಿ ಮೊದಲು ಬರುವುದು ಇದೇ. ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲದಿದ್ದರೆ ಕೆಲಸಗಾರನೇ ಅಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಕೆಲಸ ಮಾಡಿದ್ದು ನಿಜವಾದರೆ ಸಂಬಂಧ ಇದೆ, ಅದನ್ನು ಯಾವ ರೀತಿಯಲ್ಲಾದರೂ ತೋರಿಸಬಹುದು. ಟ್ರಾನ್ಸ್‌ಪೋರ್ಟ್ ಆಫೀಸಿನ ಎಲ್‌ಆರ್ (ಲಾರಿ ರಸೀದಿ) ಕಾಪಿಯಲ್ಲಿ ಡ್ರೈವರ್ ಹೆಸರು, ಲೈಸೆನ್ಸ್ ನಂಬರ್ ಬರೆಯುವ ರೂಢಿ ಇದೆ, ಕೆಳಗೆ ಸಹಿಯೂ ಇರುತ್ತದೆ. ಬಾಟಾ ಫೋನ್‌ಪೇನಲ್ಲಿ ಬಂದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. "ಎಲ್ಲಿದೀಯ, ನೆಲಮಂಗಲ ದಾಟಿದ್ಯಾ" ಅನ್ನುವ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್‌ಗಳನ್ನು ಅಳಿಸಬೇಡಿ. ಡೀಸೆಲ್ ಬಂಕಿನ ಚೀಟಿ, ಮಾರುಕಟ್ಟೆ ಗೇಟಿನ ಪಾಸು, ಎಲ್ಲವೂ ಇರಲಿ. ಹಳೆಯದು ಸಿಗಲಿಲ್ಲ ಅಂದರೆ ಇವತ್ತಿಂದ ಶುರು ಮಾಡಿ. ಅವರು ಇನ್ನೂ ಅದೇ ಲಾರಿ ಓಡಿಸುತ್ತಿದ್ದಾರಲ್ಲ.

ಒಬ್ಬ ಡ್ರೈವರ್ ನೆನಪಾಗುತ್ತಾರೆ. ಓದಿದ್ದು ಐದನೇ ಕ್ಲಾಸು. ಸನ್‌ವೈಸರ್‌ಗೆ ಸಿಕ್ಕಿಸಿಟ್ಟ ನಲವತ್ತು ಪೇಜಿನ ನೋಟ್‌ಬುಕ್, ರಬ್ಬರ್ ಬ್ಯಾಂಡ್ ಹಾಕಿದ್ದು, ಅರ್ಧ ಪುಟಗಳಲ್ಲಿ ಚಹಾ ಕಲೆ. ತಾರೀಕು, ಎಲ್ಲಿಂದ ಎಲ್ಲಿಗೆ, ಮೀಟರ್ ರೀಡಿಂಗ್, ಡೀಸೆಲ್ ಎಷ್ಟು, ಕೈಗೆ ಬಂದ ದುಡ್ಡು ಎಷ್ಟು. ಅಷ್ಟೇ. ಆತ ಬರೆದಿದ್ದು ಕೇಸಿಗೆ ಅಂತಲ್ಲ, ಓನರ್ ಲೆಕ್ಕದಲ್ಲಿ ಮೋಸ ಮಾಡಬಾರದು ಅಂತ. "ಇವನು ಅಪರೂಪಕ್ಕೆ ಬರುತ್ತಿದ್ದ ಬದಲಿ ಡ್ರೈವರ್" ಅಂತ ಎದುರು ವಕೀಲರು ವಾದ ಮಾಡಿದರು. ನಾವು ನೋಟ್‌ಬುಕ್ಕಿನ ಮೀಟರ್ ರೀಡಿಂಗ್ ಪಕ್ಕಕ್ಕೆ ಬಂಕಿನ ಬಿಲ್ಲುಗಳನ್ನು ಇಟ್ಟೆವು. ತಾರೀಕಿಗೆ ತಾರೀಕು ಕೂಡಿಬಂತು. ಆಮೇಲೆ ಆ ವಾದ ಮತ್ತೆ ಎದ್ದೇಳಲಿಲ್ಲ.

ಹಿಡಿದ 9,000ದ ವಿಷಯ. "ಲೋಡ್ ಹಾಳಾದರೆ ಡ್ರೈವರ್ ತಲೆ ಮೇಲೆ" ಅನ್ನುವುದು ರೂಢಿ ಇರಬಹುದು, ಕಾನೂನಲ್ಲ. ಡ್ರೈವರ್ ಅಸಡ್ಡೆಯಿಂದಲೇ ನಷ್ಟ ಆಯಿತು ಅಂತ ತೋರಿಸಬೇಕು, ಅವನ ಮಾತನ್ನೂ ಕೇಳಬೇಕು, ಆದ ನಷ್ಟಕ್ಕಿಂತ ಜಾಸ್ತಿ ಹಿಡಿಯಬಾರದು. ಸಂಬಳದ ಹಳೇ ಕಾಯ್ದೆಗಳ ಜಾಗಕ್ಕೆ ಬಂದ ವೇತನ ಸಂಹಿತೆಯಲ್ಲಿ ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟುವ ಹಾಗಿಲ್ಲ. ತೂತು ಬಿದ್ದ ತಾರ್ಪಾಲು ಕೊಟ್ಟವರು ಯಾರು ಅನ್ನುವ ಪ್ರಶ್ನೆಯನ್ನು ನಾನಾದರೆ ಮೊದಲು ಕೇಳುತ್ತೇನೆ. ಹೊಸ ಸಂಹಿತೆಯಲ್ಲಿ ಸಂಬಳದ ಬಾಕಿ ಕೇಳಲು ಮೂರು ವರ್ಷ ಇದೆ, ಕೊಟ್ಟಿದ್ದೇನೆ ಅಂತ ತೋರಿಸುವ ಹೊಣೆ ಮಾಲೀಕನದು. ಆದರೆ ನಿಮ್ಮ ಕಡಿತ ಆಗಿದ್ದು ಹಳೇ ಕಾಯ್ದೆ ಇದ್ದಾಗ ಅಂತ ವಾದ ಬಂದರೆ ಕಷ್ಟ, ಅಲ್ಲಿ ಒಂದೇ ವರ್ಷ. ಸುಮ್ನೆ ಯಾಕೆ ಆ ಜಂಜಾಟ, ವರ್ಷ ತುಂಬುವ ಮೊದಲೇ ಕೇಳಿ. 9,000ಕ್ಕಾಗಿಯೇ ಬೇರೆ ಕೇಸು ಮಾಡಿ ಅಂತ ನಾನು ಹೇಳುವುದಿಲ್ಲ. ಕಾಲಿನ ವಿಷಯ ಮಾತಾಡುವಾಗ ಇದನ್ನೂ ಮೇಜಿನ ಮೇಲಿಡಿ.

ಲೈಸೆನ್ಸ್ ಇಟ್ಟುಕೊಳ್ಳುವ ಹಕ್ಕು ಯಾವ ಓನರ್‌ಗೂ ಇಲ್ಲ. ಅಡ್ವಾನ್ಸ್ ಕೊಟ್ಟಿದ್ದರೆ ಅದು ಸಾಲ, ಸಾಲವನ್ನು ಸಾಲದ ಹಾಗೆ ವಸೂಲಿ ಮಾಡಬೇಕು. ಕೆಲಸ ಬಿಡದ ಹಾಗೆ ಕಟ್ಟಿಹಾಕುವುದಕ್ಕಲ್ಲ. ಈಗ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿರುವ ಲೈಸೆನ್ಸಿಗೂ ಕಾರ್ಡಿನಷ್ಟೇ ಬೆಲೆ ಇದೆ, ಫೋನಿಗೆ ಇವತ್ತೇ ಇಳಿಸಿಕೊಳ್ಳಿ. ಹಾಗೆ ಮಾಡಿದರೆ ಅವರ ಹಿಡಿತ ಅರ್ಧ ಸಡಿಲವಾಗುತ್ತದೆ. ಒಂದು ತಪ್ಪು ಮಾತ್ರ ಮಾಡಬೇಡಿ: "ಕಳೆದುಹೋಗಿದೆ" ಅಂತ ಪೊಲೀಸರಿಗೆ ಸುಳ್ಳು ದೂರು ಕೊಟ್ಟು ಡೂಪ್ಲಿಕೇಟ್ ತೆಗೆಸುವುದು. ನಾಳೆ ಕೋರ್ಟಿನಲ್ಲಿ ನಿಮ್ಮ ಗಂಡನ ಬೇರೆ ಎಲ್ಲ ಮಾತಿಗೂ ಅದು ಮಸಿ ಬಳಿಯುತ್ತದೆ. ಅಡ್ವಾನ್ಸ್‌ನಲ್ಲಿ ಎಷ್ಟು ತೀರಿದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಕೇಳಿ, ಉತ್ತರ ಬರಲಿ, ಇಟ್ಟುಕೊಳ್ಳಿ.

ಈಗ ಒಂದು ಬೇಸರದ ಸುದ್ದಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಅನ್ವಯಿಸುತ್ತಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಓವರ್‌ಟೈಮಿಗೆ ಎರಡು ಪಟ್ಟು ಕೂಲಿ, ಎಲ್ಲ ಅದರಲ್ಲಿತ್ತು. ನಿಮ್ಮ ಓನರ್ ಹತ್ತಿರ ಏಳು ಜನ, ಅಂದರೆ ಆ ಕಾಯ್ದೆಯೊಳಗೆ ಬರುತ್ತಿದ್ದರು. ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಹತ್ತು ಜನರಿಂದ ಶುರುವಾಗುತ್ತದೆ. ಅಪಾಯಿಂಟ್‌ಮೆಂಟ್ ಲೆಟರ್ ಕಡ್ಡಾಯ ಅಂತ ಪೇಪರಿನಲ್ಲಿ ಬಂದಿದ್ದು ಈ ಸಂಹಿತೆಯದೇ. ಏಳು ಜನರ ಓನರ್ ಕೈತಪ್ಪಿಸಿಕೊಂಡ ಹಾಗಾಯಿತು. ನಮ್ಮಲ್ಲಿ ಎರಡು, ಮೂರು, ನಾಲ್ಕು ಲಾರಿ ಇರುವ ಓನರ್‌ಗಳೇ ಜಾಸ್ತಿ, ಹಾಗಾಗಿ ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 91ನೇ ಕಲಂ ವಾಣಿಜ್ಯ ವಾಹನ ಓಡಿಸುವವರ ಕೆಲಸದ ಗಂಟೆಯ ಬಗ್ಗೆ ಇನ್ನೂ ಹೇಳುತ್ತದೆ. ವಕೀಲರು ಆ ಎಳೆ ಹಿಡಿದು ವಾದ ಮಾಡಬಹುದು. ಆದರೆ ನಿಜ ಹೇಳಬೇಕೆಂದರೆ, ಹೆದ್ದಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಗಂಟೆ ಲೆಕ್ಕ ಹಾಕಲು ಯಾರೂ ನಿಂತಿರುವುದಿಲ್ಲ. ಕನಿಷ್ಠ ವೇತನ, ಸಂಬಳ ಕಡಿತದ ನಿಯಮ, ಕೆಲಸದಲ್ಲಾದ ಪೆಟ್ಟಿನ ಪರಿಹಾರ, ಇವಕ್ಕೆ ಮಾತ್ರ ಹತ್ತು ಜನರ ಲೆಕ್ಕ ಇಲ್ಲ. ನಿಮ್ಮ ಬಲ ಇರುವುದು ಅಲ್ಲಿ.

ಯಾಕೆ ಹೀಗೆ ಅಂತ ಕೇಳಿದರೆ ಓನರ್ ಒಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಇಂಥ ಓನರ್‌ಗಳಲ್ಲಿ ತುಂಬಾ ಜನ ಹಿಂದೆ ಡ್ರೈವರ್ ಆಗಿದ್ದವರೇ. ಡೀಸೆಲ್‌ಗೆ, ಟೋಲ್‌ಗೆ ಮೊದಲೇ ದುಡ್ಡು ಹಾಕಬೇಕು. ಬಾಡಿಗೆ ಬರುವುದು ಆಮೇಲೆ, ಅದೂ ಬ್ರೋಕರ್ ಕಮಿಷನ್ ಕಳೆದು. ತಿಂಗಳ ಇಎಂಐ ಮಾತ್ರ ತಡ ಮಾಡುವುದಿಲ್ಲ. ಮಂಡಿಯಲ್ಲಿ ಇಳಿಸಲು ಒಂದೂವರೆ ದಿನ ಕಾದರೆ ಹಾಲ್ಟಿಂಗ್ ದುಡ್ಡು ಯಾರು ಕೊಡುತ್ತಾರೆ? ವ್ಯಾಪಾರಿ ಕೊಡಲ್ಲ, ಬ್ರೋಕರ್ ಕೊಡಲ್ಲ. ಟ್ರಿಪ್ ಲೆಕ್ಕದ ಸಂಬಳ ಅಂದರೆ ಆ ಒಂದೂವರೆ ದಿನವನ್ನು ಡ್ರೈವರ್ ತಲೆಗೆ ಕಟ್ಟುವ ಉಪಾಯ. ಓವರ್‌ಲೋಡ್ ಕಥೆಯೂ ಇದೇ. ಸಿಕ್ಕಿಬಿದ್ದರೆ 20,000 ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. "ನೀನೇ ನೋಡ್ಕೋ" ಅನ್ನುತ್ತಾರೆ.

ಕಂಪ್ಲೇಂಟ್ ಕೊಟ್ಟರೆ ಸ್ಟ್ಯಾಂಡಲ್ಲಿ ಕೆಲಸ ಸಿಗಲ್ಲ ಅನ್ನುವ ಹೆದರಿಕೆ ಸುಳ್ಳಲ್ಲ. ಒಬ್ಬರೇ ಹೋದರೆ ಆಗುತ್ತದೆ, ನೋಡಿದ್ದೇನೆ. ಅದೇ ಓನರ್‌ನ ಉಳಿದ ಮೂವರು ಡ್ರೈವರ್‌ಗಳ ಲೈಸೆನ್ಸೂ ಅಲ್ಲೇ ಇರಬೇಕಲ್ಲ? ನಾಲ್ವರೂ ಸೇರಿ ಕೇಳುವುದಕ್ಕೂ ಒಬ್ಬರೇ ಕೇಳುವುದಕ್ಕೂ ವ್ಯತ್ಯಾಸ ಇದೆ. ಏಳು ಜನ ಸೇರಿದರೆ ಸಂಘ ನೋಂದಾಯಿಸಲು ಅರ್ಜಿ ಹಾಕಬಹುದು, ಆದರೆ ಹೊಸ ಸಂಘ ಕಟ್ಟುವ ಮೊದಲು ನಿಮ್ಮ ಕಡೆ ಈಗಾಗಲೇ ಇರುವ ಡ್ರೈವರ್ ಸಂಘದ ಜೊತೆ ಮಾತಾಡಿ ನೋಡಿ. ಒಂದು ಎಚ್ಚರಿಕೆ: ಕೆಲವು ಕಡೆ "ಲಾರಿ ಸಂಘ" ಅಂದರೆ ಓನರ್‌ಗಳ ಸಂಘ. ಸದಸ್ಯತ್ವದ ದುಡ್ಡು ಕಟ್ಟುವ ಮೊದಲು ಅಧ್ಯಕ್ಷರ ಹೆಸರಲ್ಲಿ ಎಷ್ಟು ಗಾಡಿ ಇದೆ ಅಂತ ವಿಚಾರಿಸಿ. ಮೊದಲ ಬೇಡಿಕೆ ಸಂಬಳ ಆಗಬೇಕಿಲ್ಲ. ಇಳಿಸಲು ಇಷ್ಟು ಗಂಟೆ ದಾಟಿದರೆ ಹಾಲ್ಟಿಂಗ್, ರಾತ್ರಿ ತಾರ್ಪಾಲು ಕಟ್ಟಲು ಜೊತೆಗೊಬ್ಬ ಕ್ಲೀನರ್ ಕಡ್ಡಾಯ. ಇಂಥದ್ದಕ್ಕೆ ಓನರ್‌ಗಳೂ ಬೇಗ ತಲೆದೂಗುತ್ತಾರೆ, ಯಾಕೆಂದರೆ ಹಾಲ್ಟಿಂಗ್ ಕೇಳುವುದು ವ್ಯಾಪಾರಿಯನ್ನು.

ಯಾರ ಜೊತೆಗೂ ಜಗಳವಿಲ್ಲದೆ ಈ ವಾರವೇ ಆಗುವ ಕೆಲಸಗಳೂ ಇವೆ. ಕರ್ನಾಟಕದಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತಲೇ 2024ರ ಕಾಯ್ದೆ ಇದೆ, ಅದರಡಿ ಕಲ್ಯಾಣ ಮಂಡಳಿ ಇದೆ. ಡ್ರೈವರ್, ಕಂಡಕ್ಟರ್, ಕ್ಲೀನರ್ ಮಾತ್ರವಲ್ಲ, ಗ್ಯಾರೇಜು, ಪಂಕ್ಚರ್ ಅಂಗಡಿಯವರೂ ಇದರಲ್ಲಿ ಬರುತ್ತಾರೆ. ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ನೋಂದಣಿ ವಿಚಾರಿಸಿ. ಇ-ಶ್ರಮ್ ಕಾರ್ಡ್ ಇದ್ದರೆ 2 ಲಕ್ಷದ ಇನ್ಶೂರೆನ್ಸ್ ಇದ್ದ ಹಾಗೇ ಅಂತ ತುಂಬಾ ಜನ ನಂಬಿದ್ದಾರೆ. ಕಾರ್ಡ್ ಅನ್ನುವುದು ನೋಂದಣಿ, ವಿಮೆಯಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಬೇರೆಯೇ ಮಾಡಿಸಬೇಕು. ಅದರಲ್ಲಿ ಅಪಘಾತದ ಸಾವಿಗೆ 2 ಲಕ್ಷ ಇದೆ. ನಿಮ್ಮ ಹೆಸರಲ್ಲೂ ಒಂದು ಮಾಡಿಸಿ.

ಕೆಲಸ ಬದಲಾಯಿಸುವ ಬಗ್ಗೆ ಕೇಳಿದ್ದೀರಿ. ಆ್ಯಪ್ ಕೆಲಸಕ್ಕೆ ಕರ್ನಾಟಕದಲ್ಲಿ 2025ರಲ್ಲಿ ಒಂದು ಕಾಯ್ದೆ ಬಂತು. ಪ್ರತಿ ಟ್ರಿಪ್ಪಿಗೆ ಕೆಲಸಗಾರನಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಕೆಲಸಗಾರನ ಐಡಿ ಬಂದ್ ಮಾಡಬೇಕಾದರೆ ಸಾಮಾನ್ಯವಾಗಿ 14 ದಿನ ಮುಂಚೆ ಕಾರಣ ಕೊಟ್ಟು ನೋಟಿಸ್ ಕೊಡಬೇಕು. ಒಳ್ಳೆಯದೇ. ಆದರೆ ದಿನಕ್ಕೆ ಇಷ್ಟು ದುಡ್ಡು ಗ್ಯಾರಂಟಿ ಅಂತ ಅದರಲ್ಲಿಲ್ಲ. ಆ್ಯಪ್ ಲೋಡ್ ಸಿಗುವುದು ಬೆಂಗಳೂರಿನಲ್ಲಿ. ಮನೆ ಬಾಡಿಗೆ ಸೇರಿಸಿ ಲೆಕ್ಕ ಹಾಕಿ. ಬೆಂಗಳೂರಿನ ಟ್ರಾಫಿಕ್ ಮತ್ತು ಆ ಎಡಗಾಲು, ಇದನ್ನೂ ಮರೆಯಬೇಡಿ.

ಸ್ವಂತ ಗಾಡಿ ಈಗ ಬೇಡ ಅನ್ನುತ್ತೇನೆ. ಸ್ವಂತ ಗಾಡಿ ತಗೊಂಡ ದಿನ ಅವರು ಕೆಲಸಗಾರ ಅಲ್ಲ, ಮಾಲೀಕ. ಮತ್ತೆ ಲೋಡ್ ಮೇಲಿಂದ ಬಿದ್ದರೆ ಪರಿಹಾರ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಮಾಲೀಕ-ಚಾಲಕನಿಗೆ ಕಡ್ಡಾಯ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಾವಿಗೆ, ದೊಡ್ಡ ಅಂಗವೈಕಲ್ಯಕ್ಕೆ ಆಗುತ್ತದೆ, ಮೂರು ತಿಂಗಳ ಪ್ಲಾಸ್ಟರಿಗೆ ಆಗುವುದಿಲ್ಲ. ಕಾಲು ಪೂರ್ತಿ ವಾಸಿಯಾಗದೆ ಐದು ವರ್ಷದ ಇಎಂಐಗೆ ಕೈ ಹಾಕುವುದು ಬೇಡ. ಪರಿಹಾರದ ದುಡ್ಡು ಬಂದ ಮೇಲೆ ಡೌನ್‌ಪೇಮೆಂಟಿಗೆ ಅಂತ ಯೋಚಿಸಿದರೆ ಅದು ಬೇರೆ ಮಾತು. ಆಗಲೂ ಮನೆ ಪತ್ರ ಮಾತ್ರ ಅಡ ಇಡಬೇಡಿ.

ವಕೀಲರ ಫೀಸಿನ ಚಿಂತೆ ಇದ್ದರೆ ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಚಳ್ಳಕೆರೆ ಕೋರ್ಟಿನಲ್ಲಿ ತಾಲ್ಲೂಕು ಸಮಿತಿಯಲ್ಲೂ ವಿಚಾರಿಸಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಿ. ಆದಾಯ ಕಡಿಮೆ ಇರುವವರಿಗೆ, ಹೆಂಗಸರಿಗೆ, ಕೈಗಾರಿಕಾ ಕಾರ್ಮಿಕರಿಗೆ ವಕೀಲರನ್ನು ಅವರೇ ಕೊಡುತ್ತಾರೆ. ಹೋಗುವಾಗ ಕೇಸ್ ಶೀಟ್, ಎಕ್ಸ್‌ರೇ, ಔಷಧಿ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಲಾರಿ ನಂಬರ್ ಇರಲಿ. ಪಾಲಿಸಿ ಕಾಪಿ ಓನರ್ ಕೊಡದಿದ್ದರೂ ಯೋಚನೆ ಬೇಡ. ಲಾರಿಯ ಕ್ಯಾಬಿನ್‌ನಲ್ಲಿ ಆರ್‌ಸಿ ಜೊತೆ ಸಾಮಾನ್ಯವಾಗಿ ಒಂದು ಪ್ರತಿ ಇರುತ್ತದೆ, ಚೆಕ್‌ಪೋಸ್ಟಲ್ಲಿ ತೋರಿಸಬೇಕಲ್ಲ. ಮುಂದಿನ ಟ್ರಿಪ್ಪಿನಲ್ಲಿ ಎಲ್ಲಾದರೂ ಚಹಾಕ್ಕೆ ನಿಂತಾಗ ಅದರ ಎಲ್ಲ ಪುಟಗಳ ಫೋಟೋ ತೆಗೆದು ನಿಮಗೆ ಕಳಿಸಲು ಹೇಳಿ.